ಯಾರೂ ಸತ್ತಿಲ್ಲವೆಂದು ಧ್ಯಾನದ ನಡುವೆ ಕೂಗಿದ ಕುರಿತು

ಇಂದ,
ಶಿವರಂಜನಿ, ಬಿ.ಎ.,
ಡಿಟಿಪಿ ಹಾಗೂ ಕರಡು ತಿದ್ದುವ ವಿಭಾಗ (ವಿಭಾಗದಲ್ಲಿ ನಾನೊಬ್ಬಳೇ),
ಮತ್ತು ಧ್ಯಾನ ಪ್ರಮುಖಿ (ಸದ್ಯಕ್ಕೆ),
ವಾಸ: ಬೆಟಗೇರಿ.

ಗೆ,
ಶ್ರೀ ಅಂದಾನಪ್ಪನವರು, ಮಾಲಕರು,
ಮುತ್ತಣ್ಣ ಮತ್ತು ಮಗ ಮುದ್ರಣಾಲಯ, ಗದಗ
(ನನ್ನ ಮೇಜಿನ ಎದುರು ಮೇಜು).

ವಿಷಯ: ಧ್ಯಾನದ ವೇಳೆಯಲ್ಲಿ ಕೂಗಿದ್ದಕ್ಕೆ ಸಮಜಾಯಿಷಿ ಸಲ್ಲಿಸುವ, ಹಾಗೂ ನನ್ನನ್ನು ಮೇಲಿನ ಮೌನ ಕೋಣೆಗೆ ಏರಿಸದೆ, ಅಖ್ತರಿ ಅವರು ಬಿಟ್ಟು ಹೋಗಲಿರುವ ಕೌಂಟರಿನಲ್ಲಿ ಕೂಡಿಸುವ ಕುರಿತು.

ಉಲ್ಲೇಖ:
1. ತಾವು ನನಗೆ ಕೊಟ್ಟ ನೋಟೀಸು (ಟೈಪು ಮಾಡಿದವಳು: ನಾನೇ).
2. ಹುಬ್ಬಳ್ಳಿ ಶಿಬಿರದಿಂದ ಮರಳಿದ ದಿನ ತಾವು ಮಾಡಿದ ಭಾಷಣ.
3. ಬೆಳ್ಳಟ್ಟಿಯ ಹನಮಪ್ಪನವರು ಹೋಗುವಾಗ ಆಡಿದ ಮಾತು (ಮೌಖಿಕ).

ಮಾನ್ಯರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ, ತಮ್ಮ ಎದುರಿಗೇ ಕುಳಿತಿರುವ ನಾನು ತಮಗೆ ಅರ್ಜಿ ಬರೆಯುತ್ತಿರುವುದಕ್ಕೆ ಮೊದಲು ಕ್ಷಮೆ ಕೋರುತ್ತೇನೆ. ಬಾಯಿಂದ ಹೇಳಬಹುದಿತ್ತು. ಹೇಳಲೆಂದೇ ಬೆಳಿಗ್ಗೆ ಎದ್ದೆ. ತಾವು ಫೋನಿನಲ್ಲಿದ್ದಿರಿ, ಆದ್ದರಿಂದ ಕುಳಿತೆ. ಮತ್ತೆ ಎದ್ದೆ. ತಾವು ತಲೆ ಎತ್ತಿ ನನ್ನತ್ತ ನೋಡಿದಿರಿ, ಆದಕಾರಣ ನೀರಿಗೆಂದು ಎದ್ದವಳಂತೆ ಹೋಗಿ ನೀರು ಕುಡಿದು ಬಂದೆ. ಮತ್ತೊಮ್ಮೆ ಎದ್ದಾಗಲೂ ನೀರನ್ನೇ ಕುಡಿದೆ. ಇನ್ನಷ್ಟು ನೀರು ಹಿಡಿಸದ ಕಾರಣ ಈ ಅರ್ಜಿ.

1. ಧ್ಯಾನವು ನಮ್ಮ ಪ್ರೆಸ್ಸಿಗೆ ಬಂದ ಬಗೆ.

ತಾವು ಹುಬ್ಬಳ್ಳಿಯ ಹೋಟೆಲೊಂದರಲ್ಲಿ ಸಣ್ಣ ಉದ್ದಿಮೆದಾರರಿಗಾಗಿ ನಡೆದ ಶಿಬಿರಕ್ಕೆ ಹೋಗಿ, ಒಂದು ಹಿತ್ತಾಳೆಯ ಗಂಟೆ ಹಾಗೂ ಒಂದು ಮಾಹಿತಿ ಪುಸ್ತಿಕೆಯೊಂದಿಗೆ ಮರಳಿದ್ದು ಸರಿಯಷ್ಟೆ. ಅದಕ್ಕೂ ಮೊದಲು ಲಗ್ನದ ಸೀಜನ್ನಿನಲ್ಲಿ ತಾವು "ಏ ಜಾವೀದಾ!" ಎಂದು ಕೂಗಿದರೆ ಮಷಿನ್ ನಡೆಸುವ ಜಾವೀದಣ್ಣನ ಜೊತೆಗೆ ಪಕ್ಕದ ಓಣಿಯ ಇನ್ನೊಬ್ಬ ಜಾವೀದನೂ ಓಡಿ ಬರುತ್ತಿದ್ದುದು ದಾಖಲಾರ್ಹ. ಆ ದಿನ ತಾವು ಎಲ್ಲರನ್ನೂ ಸೇರಿಸಿ ಮೆತ್ತಗೆ ಹೇಳಿದಿರಿ:

"ಇವತ್ತಿನಿಂದ ನಾ ಒದರಂಗಿಲ್ಲ, ನೀವೂ ಒದರಬ್ಯಾಡ್ರಿ. ದಿನಾ ಸಂಜಿ ನಾಕಕ್ಕ ಮಷಿನ್ ಬಂದ್, ಬಾಯಿ ಬಂದ್, ಕಣ್ಣು ಬಂದ್. ಮನಸು ಶಾಂತ ಇದ್ರ ಕೆಲಸ ತಾನ ಚಲೋ ಆಕ್ಕೈತಂತ."

ಜಾವೀದಣ್ಣ ಕೇಳಿದ: "ಮೂಗೂ ಬಂದ್ ಮಾಡೂದೇನ್ರಿ ಸಾವ್ಕಾರ್ರ?"

"ಅದು ಚಾಲೂ ಇರಬೇಕಲೇ. ಉಸಿರಿನ ಮ್ಯಾಲನ ಎಲ್ಲಾ ಐತಿ."

ಜಾವೀದಣ್ಣನ ಪ್ರಶ್ನೆಯಲ್ಲಿ ಉಡಾಫೆ ಇರಲಿಲ್ಲ ಎಂಬುದನ್ನು ತಮ್ಮ ಅವಗಾಹನೆಗೆ ತರಬಯಸುತ್ತೇನೆ. ನಾಲ್ಕಕ್ಕೆ ಸರಿಯಾಗಿ ನಮ್ಮ ಬಾಗಿಲೆದುರಿನ ಗಾಡಿಯಲ್ಲಿ ಎಣ್ಣೆ ಕಾಯುತ್ತದೆ. ಮಿರ್ಚಿ ಬೀಳುತ್ತದೆ. ಗಿರ್ಮಿಟ್ಟಿಗೆ ಉಳ್ಳಾಗಡ್ಡಿ ಹೆಚ್ಚುತ್ತಾರೆ. ತಮ್ಮ ಪುಸ್ತಿಕೆಯು ಒಳಬರುವ ಉಸಿರನ್ನು ಗಮನಿಸಿ ಎನ್ನುತ್ತದೆ. ಗಮನಿಸಿದೆವು. ಒಳಬರುತ್ತಿದ್ದುದು ಮಿರ್ಚಿ.

2. ನನ್ನನ್ನು ಧ್ಯಾನ ಪ್ರಮುಖಿಯಾಗಿ ನೇಮಿಸಿದ ಬಗೆ.

ಗಂಟೆ ಬಾರಿಸಲು ಒಬ್ಬರು ಬೇಕೆಂದಾಗ ತಾವು ನನ್ನತ್ತ ಬೆರಳು ತೋರಿಸಿದಿರಿ. "ಈ ಹುಡುಗಿನ್ನ ನೋಡ್ರಿ. ಕೆಲಸಕ್ಕ ಬಂದು ವರ್ಷ ಆತು, ಇಕಿ ದನಿ ಹೆಂಗೈತಿ ಅಂತ ನನಗಿನ್ನೂ ಗೊತ್ತಿಲ್ಲ. ಎಷ್ಟ್ ಶಾಂತಿ! ಹುಟ್ಟಾ ಧ್ಯಾನಿ."

ಕೌಂಟರಿನ ಅಖ್ತರಿ ಅಕ್ಕ ಆಗಲೇ ಆಕ್ಷೇಪಣೆ ಸಲ್ಲಿಸಿದ್ದರು: "ಶಾಂತಿ ಅಲ್ರಿ ಸಾವ್ಕಾರ್ರ, ಅದು ಅಂಜಿಕಿ." ಎಲ್ಲರೂ ನಕ್ಕರು. ಸದರಿ ನಗುವಿನ ನಡುವೆ ನಾನು ಎದ್ದು, "ಇಲ್ಲ, ನನ್ನಿಂದ ಇದು ಆಗದು" ಎಂದು ಹೇಳುವವಳಿದ್ದೆ. ಯಾವ ಶಬ್ದ ಮೊದಲು ಬರಬೇಕು, ದನಿ ಎಷ್ಟಿರಬೇಕು, ಕೈ ಎಲ್ಲಿಟ್ಟುಕೊಳ್ಳಬೇಕು ಎಂದು ವಾಕ್ಯವನ್ನು ಜೋಡಿಸತೊಡಗಿದೆ. ವಾಕ್ಯ ಸಿದ್ಧವಾಗುವ ಹೊತ್ತಿಗೆ ಎಲ್ಲರೂ ಮನೆಗೆ ಹೋಗಿದ್ದರು. ಕಾರಣ, ನೇಮಕಾತಿ ಊರ್ಜಿತವಾಯಿತು.

3. ನನ್ನ ಶಾಂತಿಯ ನೈಜ ಸ್ಥಿತಿ.

ನಾನು ಸುಮ್ಮನಿರುವುದು ಹೊರಗೆ ಮಾತ್ರ. ಒಳಗೆ ದಿನವೂ ಲಗ್ನದ ಸೀಜನ್ನು. ಇದಕ್ಕೆ ಪುರಾವೆಯಾಗಿ, ತಮ್ಮಿಂದ "ಇವತ್ತು ಎಂಥಾ ತೇಜಸ್ಸು ನೋಡ್ರಿ ಇಕಿ ಮುಖದಾಗ" ಎಂಬ ಪ್ರಶಂಸೆ ಪಡೆದ ದಿನದ ಧ್ಯಾನವನ್ನು ನನ್ನ ದಿನಚರಿಯಿಂದ ಯಥಾವತ್ತಾಗಿ ನಕಲು ಮಾಡಿದ್ದೇನೆ:

"ಉಸಿರು ಒಳಗೆ. ಮಿರ್ಚಿ. ಉಸಿರು ಹೊರಗೆ. ನಿನ್ನೆ ಶಾರದವ್ವ 'ಊಟ ಆತೇನವಾ' ಎಂದು ಕೇಳಿದರೆ ನಾನೇಕೆ 'ನಮಸ್ಕಾರ್ರಿ' ಎಂದೆ? ಅವರು ಏನೆಂದುಕೊಂಡಿರಬಹುದು. ಈಗ ಕೇಳಲೇ? ಈಗ ಮೌನ. ಉಸಿರು ಒಳಗೆ. ಬದನಿಕಾಯಿ ಬಜಿಯೂ ಬಿತ್ತು. ನಾಳೆ ಅವರು ಮತ್ತೆ ಊಟ ಆಯಿತೇ ಎಂದರೆ 'ಆತ್ರಿ, ನಿಮ್ಮದು?' ಎನ್ನಬೇಕು. ಊಟ ಆಗಿರದಿದ್ದರೆ? ಉಸಿರು ಹೊರಗೆ."

ತೇಜಸ್ಸು ಎಂದು ತಾವು ಭಾವಿಸಿದ್ದು ಬೆವರು.

4. ಧ್ಯಾನದಿಂದಾದ ಪ್ರಯೋಜನಗಳು.

ಆದಾಗ್ಯೂ, ಧ್ಯಾನದಿಂದ ಪ್ರಯೋಜನವಾಗಿಲ್ಲವೆಂದು ನಾನು ಹೇಳಿದರೆ ಸುಳ್ಳಾಗುತ್ತದೆ. ತಾವು ಒದರುವುದು ನಿಜಕ್ಕೂ ಕಡಿಮೆಯಾಗಿದೆ. ಪಕ್ಕದ ಓಣಿಯ ಜಾವೀದ ಈಗ ಬರುವುದಿಲ್ಲ. ನಮ್ಮ ಜಾವೀದಣ್ಣ ಮೊದಲು ಕಾಗದ ಸಿಕ್ಕಿಕೊಂಡ ಕೂಡಲೇ ಮಷಿನ್ನಿಗೆ ಒದೆಯುತ್ತಿದ್ದ. ಈಗ ಒಮ್ಮೆ ದೀರ್ಘವಾಗಿ ಉಸಿರೆಳೆದುಕೊಂಡು, ಬಳಿಕ ಒದೆಯುತ್ತಾನೆ. ಬೈಂಡಿಂಗ್ ಮಾಡುವ ಶಾರದವ್ವನಿಗೆ ಬೆನ್ನುನೋವು ಇಳಿದಿದೆ. ಗೊರಕೆ ಕೇಳಿಬಂತೆಂದು ಅಖ್ತರಿ ಅಕ್ಕ ಛೇಡಿಸಿದಾಗ ಶಾರದವ್ವ ಕೊಟ್ಟ ಹೇಳಿಕೆ: "ನಾ ಮಲಗಂಗಿಲ್ಲಬೇ, ಒಳಗ ಇಳೀತೀನಿ."

ನನಗೂ ಪ್ರಯೋಜನವಾಯಿತು. ಅದನ್ನು ಹೇಳಲೆಂದೇ ಇಷ್ಟುದ್ದ ಬರೆಯುತ್ತಿದ್ದೇನೆ. ಕೆಲವು ವಾರ ಕಳೆದ ಮೇಲೆ, ಒಳಗಿನ ಗದ್ದಲ ತುಸು ಚದುರಿದಂತಾಯಿತು. ಅದರ ತಳದಲ್ಲಿ ಒಂದೇ ಒಂದು ಮಾತು ಕೇಳಿಸಿತು. ನನಗೆ ಕೌಂಟರಿನಲ್ಲಿ ಕೂಡಬೇಕಾಗಿದೆ.

ಕಂಪ್ಯೂಟರಿನ ಹಿಂದೆ ಕುಳಿತು ದಿನವಿಡೀ ನಾನು ಕೇಳುವುದು ಅಖ್ತರಿ ಅಕ್ಕ ಗಿರಾಕಿಗಳೊಂದಿಗೆ ಆಡುವ ಮಾತನ್ನೇ. ಹಿಂದಿನ ದಿನ ಜಗಳಾಡಿ ಬೇರೆಯಾದ ಅಣ್ಣತಮ್ಮಂದಿರ ಹೆಸರು ಪತ್ರಿಕೆಯಲ್ಲಿ ಮೇಲೆ ಕೆಳಗೆ ಬರಬೇಕೋ ಅಕ್ಕಪಕ್ಕ ಬರಬೇಕೋ ಎಂದು ಗಿರಾಕಿ ತಲೆ ಕೆರೆದುಕೊಂಡರೆ, ಅಕ್ಕ ಉತ್ತರಿಸುವ ಮೊದಲೇ ನಾನು ಒಳಗೊಳಗೇ ಉತ್ತರಿಸಿರುತ್ತೇನೆ. ಕೆಲವೊಮ್ಮೆ ನನ್ನ ಉತ್ತರ ಹೆಚ್ಚು ಚೆನ್ನಾಗಿರುತ್ತದೆ. (ಈ ವಾಕ್ಯವನ್ನು ಅಕ್ಕನಿಗೆ ತೋರಿಸಕೂಡದೆಂದು ಕೋರುತ್ತೇನೆ.)

5. ಘಟನೆ.

ಪುಸ್ತಿಕೆಯಲ್ಲಿ "ಕಣ್ಣ ಮುಂದೆ ಒಂದು ಶಾಂತ ಮುಖವಿರಲಿ" ಎಂದಿದ್ದ ಪ್ರಯುಕ್ತ ತಾವು ಆ ದಿನ ಪ್ರೆಸ್ಸಿನಲ್ಲೆಲ್ಲ ಹುಡುಕಿದಿರಿ. ಲಭ್ಯವಿದ್ದ ಏಕೈಕ ಶಾಂತ ಮುಖವು ಗೋಡೆಯ ಮೇಲಿನ ಫೋಟೋದಲ್ಲಿ, ತಮ್ಮ ದಿವಂಗತ ತಂದೆಯವರಾದ ಮುತ್ತಣ್ಣನವರದಾಗಿತ್ತು. ಆದ್ದರಿಂದ ಫೋಟೋ ಇಳಿಸಿ ಸ್ಟೂಲಿನ ಮೇಲಿಟ್ಟು, ಹೊಸ ಸೇವಂತಿಗೆ ಹಾರ ಹಾಕಿ, ಊದಿನಕಡ್ಡಿ ಹಚ್ಚಿದಿರಿ. ಎದುರಿಗೆ ಜಮಖಾನೆ ಹಾಸಿ ಎಲ್ಲರೂ ಕುಳಿತೆವು. ತಾವು ಬಿಳಿಯ ಅಂಗಿ ಧರಿಸಿದ್ದಿರಿ. ಅಖ್ತರಿ ಅಕ್ಕ ತಲೆ ಮೇಲೆ ಸೆರಗು ಹೊದ್ದಿದ್ದರು. ಆ ದಿನದ ಮಿರ್ಚಿಯ ಘಾಟು ಜೋರಾಗಿದ್ದರಿಂದ ಶಾರದವ್ವನ ಕಣ್ಣಲ್ಲಿ ಧಾರೆಯಾಗಿ ನೀರು ಇಳಿಯುತ್ತಿತ್ತು. ಮಷಿನ್ ಬಂದಾಗಿತ್ತು. ಯಾರೂ ಮಾತಾಡುತ್ತಿರಲಿಲ್ಲ.

ಇಂಥ ಸಂದರ್ಭದಲ್ಲಿ ಬೆಳ್ಳಟ್ಟಿಯ ಹನಮಪ್ಪನವರು, ಮಗಳ ಲಗ್ನಪತ್ರಿಕೆ ಮಾಡಿಸಲೆಂದು, ಅರಿಷಿಣ ಹಚ್ಚಿದ ಹಾಳೆಯನ್ನು ಚೀಲದಲ್ಲಿಟ್ಟುಕೊಂಡು ಬಾಗಿಲಿಗೆ ಬಂದರು.

ಅವರು ಒಳಗೆ ನೋಡಿದರು. ಚಪ್ಪಲಿ ಹೊರಗೆ ಬಿಟ್ಟರು. ಟೊಪ್ಪಿಗೆ ತೆಗೆದರು. ಸದ್ದಿಲ್ಲದೆ ಬಂದು ಶಾರದವ್ವನ ಪಕ್ಕ ಕುಳಿತು, ಪಿಸುದನಿಯಲ್ಲಿ ಕೇಳಿದರು: "ಯಾವಾಗ ಆತಬೇ?"

ಶಾರದವ್ವ ಒಳಗೆ ಬಹಳ ಆಳಕ್ಕೆ ಇಳಿದಿದ್ದರು. ಅಲ್ಲಿಂದಲೇ ಉತ್ತರಿಸಿದರು: "ನಾಕಕ್ಕ."

"ಅಯ್ಯ ಶಿವನ, ಈಗ ಈಗ! ಮೊದಲ ಆರಾಮಿರ್ಲಿಲ್ಲೇನ?"

ಶಾರದವ್ವ ಕಣ್ಣೊರೆಸಿಕೊಂಡರು.

ಹನಮಪ್ಪನವರು ಫೋಟೋಕ್ಕೆ ಕೈ ಮುಗಿದರು. "ನನ್ನ ಲಗ್ನಪತ್ರಿಕಿ ಇವರ ಕೈಲೇ ಆಗಿದ್ದು. ದೇವರಂಥಾ ಮನಶ್ಯಾ. ಮಗಳದೂ ಇಲ್ಲೇ ಆಗ್ಲಿ ಅಂತ ಬಂದಿದ್ನಿ." ಆಮೇಲೆ ಕೈಯಲ್ಲಿದ್ದ ಚೀಲ ನೋಡಿಕೊಂಡು ಬೆಚ್ಚಿದವರಂತೆ ಎದ್ದರು. "ಸೂತಕದಾಗ ಇದನ್ನ ಬಿಚ್ಚಬಾರ್ದು. ತಪ್ಪ ತಿಳ್ಕೋಬ್ಯಾಡ್ರೀಪಾ. ಬ್ಯಾರೆ ಕಡೆ ನೋಡ್ಕೋತೀನಿ." ಹೀಗೆ ಹೇಳಿ, ಹಾರ ಹಾಕಿದ ಫೋಟೋಕ್ಕೆ ಬೆನ್ನು ತೋರಿಸದೆ ಹಿಂದೆ ಹಿಂದೆ ನಡೆದು ಹೊರಬಿದ್ದರು.

ಈ ಹಂತದಲ್ಲಿ ಹಾಜರಿದ್ದವರ ಸ್ಥಿತಿಗತಿ: ತಾವು ಕಣ್ಣು ತೆರೆಯಲಿಲ್ಲ, ತಮ್ಮ ಏಕಾಗ್ರತೆ ಮೆಚ್ಚತಕ್ಕದ್ದು. ಜಾವೀದಣ್ಣ ನಗು ತಡೆಯಲು ಕೈಯೊರೆಸುವ ಬಟ್ಟೆ ಕಚ್ಚಿದ್ದ. ಅಖ್ತರಿ ಅಕ್ಕ ಮಾತಾಡುವಂತಿರಲಿಲ್ಲ, ಏಕೆಂದರೆ ಹಿಂದಿನ ದಿನವಷ್ಟೇ ಧ್ಯಾನದ ನಡುವೆ ಗಿರಾಕಿಗೆ "ಕುಂಡ್ರಿ" ಎಂದದ್ದಕ್ಕೆ ತಾವು "ಆಕಾಶ ಕಳಚಿ ಬಿದ್ರೂ ಬಾಯಿ ತಗೀಬಾರ್ದು" ಎಂದು ಅವರಿಗೆ ತಾಕೀತು ಮಾಡಿದ್ದಿರಿ. ಅವರು ಗದ್ದದಿಂದ ನನ್ನತ್ತ ಸನ್ನೆ ಮಾಡಿದರು. ಹೋಗು, ಎಂದು.

ಒಬ್ಬ ಗಿರಾಕಿ ಕೈತಪ್ಪುತ್ತಾನೆ, ಬಸ್ ಸ್ಟ್ಯಾಂಡಿನಿಂದ ಶಿರಹಟ್ಟಿಯವರೆಗೂ ತಪ್ಪು ಖಬರು ಹಬ್ಬುತ್ತದೆ, ಸಂಜೆಯೊಳಗೆ ಜನ ಹಾರ ಹಿಡಿದು ಬರುತ್ತಾರೆ ಎಂದೆಲ್ಲ ನಾನು ಯೋಚಿಸಿ ನಿರ್ಣಯಿಸಿದೆನೆಂದು ಬರೆದರೆ ಅರ್ಜಿಗೆ ಶೋಭೆ. ಆದರೆ ನಾನು ಏನನ್ನೂ ಯೋಚಿಸಲಿಲ್ಲ. ಜೀವನದಲ್ಲಿ ಮೊದಲ ಸಲ ವಾಕ್ಯವು ಸಿದ್ಧವಾಗುವ ಮುಂಚೆಯೇ ಹೊರಬಂದಿತು.

"ಕಾಕಾರ! ಯಾರೂ ಸತ್ತಿಲ್ರೀ!"

ನೋಟೀಸಿನಲ್ಲಿ ತಾವು "ಕಿರುಚಿದ್ದು" ಎಂದಿದ್ದೀರಿ. ಒಪ್ಪುತ್ತೇನೆ. ಅಷ್ಟು ದಿನ ಬಳಸದೆ ಇಟ್ಟ ದನಿಯಾದ್ದರಿಂದ ಅಳತೆ ಸಿಗಲಿಲ್ಲ. ಶಾರದವ್ವ ಎಚ್ಚೆತ್ತು "ಯಾರ್ ಸತ್ರು?" ಎಂದರು. ನನ್ನ ತೊಡೆಯ ಮೇಲಿದ್ದ ಗಂಟೆ ಉರುಳಿ, ತನ್ನಷ್ಟಕ್ಕೆ ಬಾರಿಸಿಕೊಳ್ಳುತ್ತ ತಮ್ಮ ಕಾಲ ಬಳಿ ಹೋಗಿ ನಿಂತಿತು. ಧ್ಯಾನ ಮುಗಿಯಿತೆಂದು ಭಾವಿಸಿ ತಾವು ಕಣ್ಣು ತೆರೆದು, ನಗುಮುಖದಿಂದ "ಶಾಂತಿ, ಶಾಂತಿ" ಎಂದಿರಿ. ಆ ವೇಳೆಗೆ ನಾನು ಬರಿಗಾಲಲ್ಲಿ ರಸ್ತೆಯಲ್ಲಿದ್ದೆ.

ಮಿರ್ಚಿ ಗಾಡಿಯ ಹತ್ತಿರ ಹನಮಪ್ಪನವರು ಸಿಕ್ಕರು. ಸುತ್ತ ಜನರಿದ್ದರು. ಸಾಮಾನ್ಯವಾಗಿ ಅಷ್ಟು ಜನರಿದ್ದರೆ ನಾನು ಓಣಿ ಬದಲಿಸುತ್ತೇನೆ. "ಎಲ್ಲಾರೂ ಜೀವಂತ ಅದಾರ್ರಿ ಕಾಕಾರ, ಸುಮ್ನ ಕಣ್ಣ ಮುಚ್ಚಿ ಕುಂತಾರ!" ಎಂದೆ. ಎಣ್ಣೆಯಿಂದ ಮಿರ್ಚಿ ಎತ್ತುತ್ತಿದ್ದ ಗಾಡಿಯವನ ಝಾರಿ ಹಾಗೆಯೇ ನಿಂತಿತು.

"ಜೀವಂತ ಇದ್ದಾರು ಹಾಡಹಗಲ ಕಣ್ಣ ಯಾಕ ಮುಚ್ಯಾರವಾ?"

"ಕೆಲಸ ಚಲೋ ಆಗ್ಲಿ ಅಂತ್ರಿ."

"ಕಣ್ಣ ತಗದ ಮಾಡಿದ್ರ ಇನ್ನೂ ಚಲೋ ಆಗತಿರ್ಲಿಲ್ಲೇನ?"

ನಾನು ನಕ್ಕೆ. ರಸ್ತೆಯಲ್ಲಿ, ಬಾಯಿಗೆ ಕೈ ಅಡ್ಡ ಇಡದೆ.

ಆಗ ಅವರು, "ಹಂಗಾರ ಮುತ್ತಣ್ಣಾರು ಆರಾಮ ಅದಾರೇನು?" ಎಂದರು. ಅವರ ಮುಖದಲ್ಲಿ ಎಷ್ಟು ಸಂತೋಷವಿತ್ತೆಂದರೆ ಹೌದೆಂದೇ ಹೇಳಬೇಕೆನಿಸಿತು. "ಇಲ್ರಿ. ಅವರು ಹೋಗಿ ಭಾಳ ವರ್ಷ ಆತ್ರಿ."

"ಅಂದ್ರ, ಖರೇನ ಹೋಗ್ಯಾರ," ಎಂದು ಅವರು ಅಲ್ಲಿಯೇ ನಿಂತರು. ಇಂಥ ವೇಳೆಯಲ್ಲಿ ಏನು ಹೇಳಬೇಕೆಂದು ನಾನು ಯಾವತ್ತೂ ತಯಾರಿ ಮಾಡಿರಲಿಲ್ಲ. "ಅವರು ಕೈಲೇ ಜೋಡಸ್ತಿದ್ದ ಅಚ್ಚಿನ ಮೊಳಿ ಇನ್ನೂ ಪೆಟಗ್ಯಾಗ ಅದಾವ್ರಿ. ಬರ್ರಿ, ತೋರಸ್ತೀನಿ" ಎಂದೆ. ಅವರು ಬಂದರು.

6. ಘಟನೆಯ ನಂತರದ ಘಟನೆ.

ಮೊಳೆಗಳನ್ನು ನೋಡಿ, ಮುಟ್ಟಿ, ಕಣ್ಣಿಗೆ ಒತ್ತಿಕೊಂಡಾದ ಮೇಲೆ ಹನಮಪ್ಪನವರು ಕೌಂಟರಿಗೆ ಬಂದು ಕುಳಿತರು. ಎದುರಿನ ಕುರ್ಚಿಯಲ್ಲಿ ನಾನು ಕುಳಿತಿದ್ದೆ. ಹೇಗೆ ಕುಳಿತೆನೆಂದು ಗೊತ್ತಿಲ್ಲ. ಅಖ್ತರಿ ಅಕ್ಕ ಪಕ್ಕದಲ್ಲಿ ನಿಂತು ಬಾಯಿ ಮೇಲೆ ಕೈಯಿಟ್ಟುಕೊಂಡು ನೋಡುತ್ತಿದ್ದರು. ಹನಮಪ್ಪನವರು ಅರಿಷಿಣದ ಹಾಳೆ ಬಿಚ್ಚಿದರು. ನಾನು ಓದಿ, ಕೇಳಿದೆ: "ಹುಡುಗಿ ಸೋದರಮಾವನ ಹೆಸರು ಎಲ್ಲೈತ್ರಿ ಕಾಕಾರ?"

ಅವರು ಹಣೆ ಬಡಿದುಕೊಂಡರು. "ಮಲ್ಲಸಮುದ್ರದಾಂವ! ನನ್ನ ಹೇಣ್ತಿ ಖಾಸ ಅಣ್ಣ! ತಂಗಿ, ಇದೊಂದು ಬಿಟ್ಟಿತ್ತಂದ್ರ ಮಗಳ್ನ ಗಂಡನ ಮನಿಗೆ ಕಳಸೂಕಿಂತ ಮೊದಲ ನನ್ನನ್ನ ಮನಿ ಬಿಡಸ್ತಿದ್ಲು."

ಪತ್ರಿಕೆಯ ಬಣ್ಣ, ಗಣಪತಿ ಎಡಕ್ಕೋ ಬಲಕ್ಕೋ, ಮದುಮಗಳ ಪ್ರಿಯಾಂಕಾ ಎಂಬ ಹೆಸರಿನ ಮುಂದೆ ಮನೆಯಲ್ಲಿ ಕರೆಯುವ ಹನಮವ್ವ ಎಂಬುದನ್ನು ಹಾಕಬೇಕೋ ಬೇಡವೋ, ಎಲ್ಲವನ್ನೂ ಮಾತಾಡಿದೆವು. ಅವರು ಹೋಗುವಾಗ ತಮಗೆ ಹೇಳಿದ ಮಾತು ಉಲ್ಲೇಖ 3ರಲ್ಲಿದೆ: "ಸಾವ್ಕಾರ್ರ, ಈ ಹುಡುಗಿ ಇರ್ಲಿಲ್ಲಂದ್ರ ನಾ ನಿಮ್ಮ ಸಲುವಾಗಿ ಅಳಕೋಂತ ಬಸ್ಸ ಹತ್ತತಿದ್ನಿ."

ಇಲ್ಲಿ ತಮ್ಮ ವಿಶೇಷ ಗಮನ ಕೋರುತ್ತೇನೆ. ಧ್ಯಾನಿಗೆ ಆದದ್ದರ ಕೊರಗು ಇರದು, ಆಗುವುದರ ಅಂಜಿಕೆ ಇರದು, ಎದುರಿಗಿದ್ದುದರಲ್ಲಿ ಪೂರ್ತಿ ಇರುತ್ತಾನೆ ಎಂದು ತಮ್ಮ ಪುಸ್ತಿಕೆಯಲ್ಲಿದೆ. ಜಮಖಾನೆಯ ಮೇಲೆ ನನಗೆ ಈ ಸ್ಥಿತಿ ಒಮ್ಮೆಯೂ ಬಂದಿಲ್ಲ. ಆ ದಿನ ಕೌಂಟರಿನಲ್ಲಿ ಬಂದಿತ್ತು. ಹನಮಪ್ಪನವರು ಎದ್ದು ಹೋಗುವವರೆಗೂ ನನ್ನ ಕೈ ಎಲ್ಲಿದೆ ಎಂದು ನಾನು ಒಮ್ಮೆಯೂ ಯೋಚಿಸಲಿಲ್ಲ.

7. ನೋಟೀಸಿನ ಕುರಿತು.

ಮರುದಿನ ತಾವು ಕರೆದು ಹೇಳಿ ಬರೆಸಿದ ನೋಟೀಸನ್ನು ನಾನೇ ಟೈಪು ಮಾಡಿ, ಕರಡು ತಿದ್ದಿ, ಪ್ರಿಂಟು ತೆಗೆದು, ತಮ್ಮ ಸಹಿ ಮಾಡಿಸಿ, ನನಗೇ ಕೊಟ್ಟುಕೊಂಡು, ಸ್ವೀಕೃತಿಗೆ ಸಹಿ ಮಾಡಿದ್ದೇನೆ. ಅದರಲ್ಲಿ, ನಾನು ಧ್ಯಾನಭಂಗ ಮಾಡಿದ್ದಕ್ಕೆ ಮಾನಸಿಕ ದಣಿವೇ ಕಾರಣವೆಂದೂ, ಆದ್ದರಿಂದ ಮುಂದಿನ ತಿಂಗಳಿಂದ ಮೇಲಿನ ಖೋಲಿಯಲ್ಲಿ, ಅಂದರೆ ತಾವು ಹೆಸರಿಟ್ಟ ಮೌನ ಕೋಣೆಯಲ್ಲಿ, ಒಬ್ಬಳೇ ಕುಳಿತು ಕೆಲಸ ಮಾಡತಕ್ಕದ್ದೆಂದೂ ಇದೆ. ಅದರಲ್ಲಿ ಸಿಟ್ಟಿಲ್ಲ, ಕಾಳಜಿಯಿದೆ ಎಂಬುದು ನನಗೆ ಗೊತ್ತು. "ಪಾಪ, ಹುಡುಗಿಗೆ ಮಂದಿ ಅಂದ್ರ ತ್ರಾಸ. ಮ್ಯಾಲ ಯಾರ ಕಾಟಾನೂ ಇರಂಗಿಲ್ಲ, ಆರಾಮ ಇರ್ತಾಳ" ಎಂದು ತಾವು ಫೋನಿನಲ್ಲಿ ಮನೆಯವರಿಗೆ ಹೇಳುತ್ತಿದ್ದುದು ಕೇಳಿಸಿತು. ಅಖ್ತರಿ ಅಕ್ಕ ಗಂಡನ ಕೆಲಸದ ನಿಮಿತ್ತ ಮುಂಡರಗಿಗೆ ಹೋಗುವವರಿದ್ದು, ಅವರ ಜಾಗಕ್ಕೆ ಲಕ್ಷ್ಮೇಶ್ವರದಿಂದ "ಬಾಯಿ ಇರೂ ಹುಡುಗಿ"ಯನ್ನು ಕರೆಸುವುದೂ ಅದೇ ಕರೆಯಲ್ಲಿ ತಿಳಿಯಿತು.

ಮೇಲಿನ ಖೋಲಿಯನ್ನು ನಾನು ನೋಡಿ ಬಂದೆ. ಹಳೆಯ ಬ್ಲಾಕುಗಳು, ಕತ್ತರಿಸಿ ಉಳಿದ ಕಾಗದ, ಪಕ್ಕದ ಮನೆಯ ಗೋಡೆಗೆ ತೆರೆಯುವ ಒಂದು ಕಿಟಕಿ. ನಿಶ್ಶಬ್ದವಾಗಿದೆ. ಗಿರಾಕಿಗಳ ದನಿ ಕೇಳುವುದಿಲ್ಲ. ನನಗೆ ಅದು ಹಿಡಿಸಿತು. ನನ್ನ ಹೆದರಿಕೆ ಇರುವುದು ಅಲ್ಲಿಯೇ, ಮಾನ್ಯರೇ. ಅಲ್ಲಿ ನಾನು ಆರಾಮವಾಗಿ ಇದ್ದುಬಿಡುತ್ತೇನೆ. ವರ್ಷ ಕಳೆದ ಮೇಲೆ ನನ್ನ ದನಿ ಹೇಗಿದೆ ಎಂಬುದು ನನಗೂ ನೆನಪಿರುವುದಿಲ್ಲ.

ಇದನ್ನು ಅಖ್ತರಿ ಅಕ್ಕನಿಗೆ ಹೇಳಿದೆ. (ಹೇಳಿದೆ, ಬರೆದು ಕೊಡಲಿಲ್ಲ.) ಅವರು, "ಒಳಗ ಇಷ್ಟ ಮಾತ ಇಟ್ಕೊಂಡು ಹೆಂಗ ಕುಂತಿದ್ದಿಯವಾ ಇಷ್ಟ ದಿನಾ? ಹೋಗಿ ಸಾವ್ಕಾರ್ರಿಗೆ ಹೇಳ" ಎಂದರು. ನಾನು ನೀರು ಕುಡಿದು ಬಂದದ್ದನ್ನು ಕಂಡು, "ಹಾಳಾಗಿ ಹೋಗ್ಲಿ, ಅರ್ಜಿ ಬರಿ. ಆದ್ರ ಇದ ಕಡೀದು" ಎಂದರು.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳನ್ನು ಶಾಂತ ಮನಸ್ಸಿನಿಂದ, ಸಾಧ್ಯವಾದರೆ ಧ್ಯಾನಾನಂತರ ಪರಿಶೀಲಿಸಿ,

ಅ) ನನ್ನನ್ನು ಕೌಂಟರಿನಲ್ಲಿ ಕೂಡಿಸಬೇಕಾಗಿಯೂ, ಬೇಕಿದ್ದಲ್ಲಿ ಒಂದು ತಿಂಗಳು ಪರೀಕ್ಷಾರ್ಥವಾಗಿ ಕೂಡಿಸಬೇಕಾಗಿಯೂ;

ಆ) ಧ್ಯಾನವನ್ನು ನಿಲ್ಲಿಸದೆ, ಗಿರ್ಮಿಟ್ಟು ಆದ ಬಳಿಕ ಇಟ್ಟುಕೊಳ್ಳಬೇಕಾಗಿಯೂ, ಸರದಿಯಂತೆ ಒಬ್ಬರು ಬಾಗಿಲಲ್ಲಿ ಕಣ್ಣು ತೆರೆದು ಕೂಡಬೇಕಾಗಿಯೂ;

ಇ) ಮೇಲಿನ ಖೋಲಿಯನ್ನು ಶಾರದವ್ವನಿಗೆ ಒಳಗೆ ಇಳಿಯಲು ಬಿಟ್ಟುಕೊಡಬೇಕಾಗಿಯೂ ಈ ಮೂಲಕ ಅರಿಕೆ ಮಾಡಿಕೊಳ್ಳುತ್ತೇನೆ.

ಕೌಂಟರಿನಲ್ಲಿ ಮೊದಮೊದಲು ನಾನು ತಡವರಿಸಬಹುದು. ಊಟ ಆಯಿತೇ ಎಂದವರಿಗೆ ನಮಸ್ಕಾರ ಎನ್ನಬಹುದು. ಗಿರಾಕಿಗಳು ಅದನ್ನು ಗೌರವವೆಂದು ತಿಳಿದುಕೊಳ್ಳುತ್ತಾರೆಂಬ ಭರವಸೆಯಿದೆ.

ತಮ್ಮ ವಿಶ್ವಾಸಿ, ಮತ್ತು ಇನ್ನು ಮೇಲೆ ತುಸು ಕೇಳಿಸುವವಳು,
ಶಿವರಂಜನಿ

ಸ್ಥಳ: ಗದಗ, ತಮ್ಮ ಎದುರು ಮೇಜು.

ಲಗತ್ತುಗಳು:
1. ನೋಟೀಸಿನ ಪ್ರತಿ. (ಕಿರುಚಿದ್ದು ಎಂಬುದನ್ನು ತಿದ್ದಿಲ್ಲ.)
2. ಹನಮಪ್ಪನವರ ಮಗಳ ಲಗ್ನಪತ್ರಿಕೆಯ ಕರಡು. ಮಲ್ಲಸಮುದ್ರದ ಸೋದರಮಾವನವರ ಹೆಸರು, ಹನಮಪ್ಪನವರ ಹೆಸರಿಗಿಂತ ಒಂದು ಅಳತೆ ದಪ್ಪ ಅಕ್ಷರದಲ್ಲಿ. ಇದು ಹನಮಪ್ಪನವರದೇ ಕೋರಿಕೆ.
3. ತಾವು "ಮೌನ ಕೋಣೆ" ಎಂದು ಬರೆಸಲು ತರಿಸಿದ ಫಲಕಕ್ಕೆ ಬದಲಿ ಒಕ್ಕಣೆ: "ಒಳಗೆ ಎಲ್ಲರೂ ಕ್ಷೇಮ. ಧ್ಯಾನ ನಡೆದಿದೆ." ಬೀದಿ ಬಾಗಿಲಿಗೆ.
4. ಗಂಟೆ. ಧ್ಯಾನ ಪ್ರಮುಖಿ ಹುದ್ದೆಯೊಂದಿಗೆ ಇದನ್ನೂ ಹಿಂದಿರುಗಿಸಬೇಕಾಗಿತ್ತು. ಆದರೆ ತಮ್ಮ ಮೇಜಿನವರೆಗೆ ಬರಲಾಗದೆ, ಸದ್ಯ ಕೌಂಟರಿನ ಮೇಲೆ ಇಟ್ಟಿದ್ದೇನೆ.

ವಿ.ಸೂ.: ಅರ್ಜಿ ಮಂಜೂರಾದಲ್ಲಿ ತಾವು ಉತ್ತರ ಬರೆಸುವುದು ಬೇಡ, ಅದನ್ನೂ ನಾನೇ ಟೈಪು ಮಾಡಬೇಕಾಗುತ್ತದೆ. ತಾವು ಕೌಂಟರಿನ ಆಚೆ ಬದಿಗೆ, ಗಿರಾಕಿ ನಿಲ್ಲುವಲ್ಲಿಗೆ ಬಂದು ಆ ಗಂಟೆಯನ್ನು ಒಂದು ಸಲ ಬಾರಿಸಿದರೆ ಸಾಕು. ನಾನು ಎದ್ದು, ನೀರಿನ ಕಡೆಗೆ ಹೋಗದೆ, ನೇರ ಬಂದು, "ಬರ್ರಿ, ಕುಂಡ್ರಿ, ಏನ್ ಆಗಬೇಕಿತ್ರಿ?" ಎಂದು ಕೇಳುತ್ತೇನೆ.